ಕರಿಯನ ಮೇಲೆ ಬಂದ ಆರೋಪ

ನಮ್ಮ ಮನೆಗೆ ಗಿನಿಪಿಗ್‌ಗಳು ಬಂದದ್ದು ಯಾರ ಆಸೆಯಿಂದಲೂ ಅಲ್ಲ. ಜಮಖಂಡಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿ ಬಾಡಿಗೆಗಿದ್ದ ಬ್ಯಾಂಕಿನವರಿಗೆ ದೂರದ ಊರಿಗೆ ವರ್ಗವಾಯಿತು. ಸಾಮಾನು ತುಂಬಿದ ಲಾರಿ ಹೊರಟು ನಿಂತಾಗ ಆ ಮನೆಯಾಕೆ ಒಂದು ತಂತಿಯ ಪಂಜರವನ್ನು ತಂದು ನಮ್ಮ ಕಟ್ಟೆಯ ಮೇಲಿಟ್ಟು, "ನಾಕು ದಿನ ನೋಡಕೊಳ್ರಿ ಅಕ್ಕಾ, ಮನಿ ಹೊಂದಿಸಿಕೊಂಡು ಬಂದು ಒಯ್ತೀವಿ" ಎಂದಳು. ಅವರು ಬರಲಿಲ್ಲ. ನಾವೂ ಫೋನು ಮಾಡಿ ಕೇಳಲಿಲ್ಲ. ಅಷ್ಟರೊಳಗೆ ನನ್ನ ಮಗಳು ಪಂಜರದ ಮುಂದೆ ಕೂತು ಊಟ ಮಾಡುವುದನ್ನು ರೂಢಿ ಮಾಡಿಕೊಂಡಿದ್ದಳು.

ಎರಡೂ ಗಂಡು. ಒಂದು ಪೂರ್ತಿ ಕಪ್ಪು, ಮೈತುಂಬಿಕೊಂಡದ್ದು. ಇನ್ನೊಂದು ಬೆಳ್ಳಗೆ, ತುಸು ಸಣ್ಣದು, ಕಣ್ಣಿನ ಸುತ್ತ ಮಾತ್ರ ಕಂದು ಬಣ್ಣ. ಏಳನೇ ತರಗತಿಯ ಮಗಳು ವಾರಗಟ್ಟಲೆ ಹೆಸರು ಹುಡುಕಿದಳು, ಯಾವುದೂ ಒಗ್ಗಲಿಲ್ಲ. ಕೊನೆಗೆ ಕರಿಯ, ಬಿಳಿಯ ಎಂಬುದೇ ಉಳಿಯಿತು. ಅತ್ತೆಯವರು ಮೊದಲ ದಿನ ಸೊಂಟಕ್ಕೆ ಕೈಯಿಟ್ಟು ಬಗ್ಗಿ ನೋಡಿ, "ಇವರ ಬಾಲ ಎಲ್ಲಿ ಹೋತವಾ?" ಎಂದು ಕೇಳಿದ್ದರು. ಬಾಲವಿಲ್ಲದ್ದಕ್ಕೆ ಇಲಿ ಎನ್ನಲು ಅವರಿಗೆ ಬಾಯಿ ಬರಲಿಲ್ಲ. ಕಿವಿ ಉದ್ದವಿಲ್ಲದ್ದಕ್ಕೆ ಮೊಲ ಎನ್ನಲೂ ಆಗಲಿಲ್ಲ. "ಮಂದಿ" ಎಂದು ಕರೆಯತೊಡಗಿದರು. "ಮಂದಿಗೆ ಸೊಪ್ಪ ಹಾಕಿಯೇನ?", "ಮಂದಿ ಇವತ್ತ ಭಾಳ ಗದ್ದಲ ಹಾಕಾಕತ್ತಾರ." ಹೊರಗಿನಿಂದ ಬಂದವರು ಮನೆಯಲ್ಲಿ ಯಾರೋ ಬೀಗರು ಇಳಿದಿದ್ದಾರೆಂದು ತಿಳಿಯುತ್ತಿದ್ದರು.

ಅವುಗಳ ಕೆಲಸ ನನ್ನ ಪಾಲಿಗೆ ಬಂತು. ಬೆಳಿಗ್ಗೆ ಚಹಾಕ್ಕೆ ಇಟ್ಟು, ಅದು ಕುದಿಯುವಷ್ಟರಲ್ಲಿ ಪಂಜರದ ಕಸ ತೆಗೆದು, ನೀರು ಬದಲಿಸಿ, ಸೊಪ್ಪು ಹಾಕುತ್ತೇನೆ. ಹಕ್ಕರಕಿ ಸೊಪ್ಪು ಎಂದರೆ ಅವಕ್ಕೆ ಪ್ರಾಣ. ಸೊಪ್ಪು ಮಾರುವಾಕೆಯ ಕೂಗು ಓಣಿಯ ಆ ತುದಿಯಲ್ಲಿ ಕೇಳಿದರೆ ಸಾಕು, ಈ ತುದಿಯಲ್ಲಿ ಎರಡೂ ಹಿಂಗಾಲ ಮೇಲೆ ನಿಂತು "ವೀಕ್ ವೀಕ್" ಎಂದು ಚೀರುತ್ತವೆ. ಪ್ಲಾಸ್ಟಿಕ್ ಚೀಲ ಸರಸರ ಎಂದರೂ ಅದೇ ಚೀರಾಟ. ಒಳಗಿರುವುದು ಸಾಬೂನಾದರೂ ಸರಿಯೇ. ಸವತಿಕಾಯಿಯ ತುಂಡು ಇಟ್ಟರೆ ಕರಿಯ ಮೊದಲು ಬರುತ್ತಾನೆ. ಬಿಳಿಯ ಅವನ ಬಗಲಿನಿಂದ ಮೂತಿ ತೂರಿಸಿ ಇನ್ನೊಂದು ತುದಿಯನ್ನು ಎಳೆಯುತ್ತಾನೆ. ಇದು ದಿನದ ಆಟ.

ಕೆಳಗೆ ಹಾಸುವುದಕ್ಕೆ ಮುಧೋಳದಿಂದ ನನ್ನ ಅಣ್ಣ ರವದಿ ತಂದುಕೊಟ್ಟಿದ್ದ. ಕಬ್ಬು ಕಡಿದ ಮೇಲೆ ಹೊಲದಲ್ಲಿ ಉಳಿಯುವ ಒಣ ಎಲೆಗೆ ನಮ್ಮಲ್ಲಿ ರವದಿ ಎನ್ನುತ್ತೇವೆ. ಒಂದು ದೊಡ್ಡ ಗೋಣಿಚೀಲ ತುಂಬ ತುರುಕಿ, ಮೋಟರ್‌ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಬಂದು, "ನಮ್ಮ ನಾಯಿ ಇದರ ಮ್ಯಾಲ ಮಲಗತಾವ. ಗಾದಿ ಇದ್ದಂಗ ಇರತೈತಿ" ಎಂದಿದ್ದ. ಜಾಗವಿಲ್ಲದ್ದಕ್ಕೆ ಚೀಲವನ್ನು ಬಚ್ಚಲುಮನೆಯ ಗೋಡೆಗೆ ಒರಗಿಸಿ ಇಟ್ಟೆವು. ಬೇಕಾದಾಗ ಒಂದು ಹಿಡಿ ತೆಗೆದು ಹಾಸುತ್ತಿದ್ದೆ.

ಅಣ್ಣನ ಬಗ್ಗೆ ಇಲ್ಲಿಯೇ ಹೇಳಿಬಿಡಬೇಕು. ಅವನಿಗೆ ಹೊಲವಿದೆ, ಕಬ್ಬಿದೆ, ಆದರೆ ಜೀವವೆಲ್ಲ ನಾಯಿಗಳ ಮೇಲೆ. ಮುಧೋಳದ ಆ ತೆಳು ಮೈಯ, ಉದ್ದ ಕಾಲಿನ ಬೇಟೆನಾಯಿಗಳು ಅವನ ಮನೆಯಲ್ಲಿ ಯಾವಾಗಲೂ ಇರುತ್ತವೆ. ಮರಿ ಹಾಕಿದರೆ ನಮಗೆ ಫೋನು ಬರುತ್ತದೆ, ಮಗ ಪಾಸಾದರೆ ಬರುವುದಿಲ್ಲ. ನಾಯಿಗಳು ಜಗಳಾಡಿ ಮೈ ಹರಿದುಕೊಂಡರೆ ಯಾವುದು ಯಾವುದಕ್ಕೆ ಎಲ್ಲಿ ಬಾಯಿ ಹಾಕಿತು, ಮೊದಲು ಎದ್ದದ್ದು ಯಾವುದು ಎಂಬುದನ್ನು ಗಾಯ ನೋಡಿಯೇ ಹೇಳುತ್ತಾನೆ. ಆ ಊರಲ್ಲಿ ಆ ಮಾತಿಗೆ ಬೆಲೆ ಇದೆ. ನಾಯಿಗಳ ಮನೆಯಲ್ಲಿ ಹುಟ್ಟಿ ಬೆಳೆದ ನನಗೂ ಗಾಯ ಎಂದರೆ ಕಡಿತ ಎಂದೇ ತಲೆಯಲ್ಲಿ ಕೂತಿತ್ತು.

ಹಾಗಾಗಿ ಒಂದು ಬೆಳಿಗ್ಗೆ ಬಿಳಿಯನ ಮೂಗಿನ ಮೇಲೆ, ಕಣ್ಣಿಗೆ ಹತ್ತಿರದಲ್ಲಿ, ಒಂದಿಷ್ಟು ಕೂದಲು ಹೋಗಿ ಗುಲಾಬಿ ಬಣ್ಣದ ಚರ್ಮ ಕಂಡಾಗ ನಾನು ಮೊದಲು ನೋಡಿದ್ದು ಬಿಳಿಯನನ್ನಲ್ಲ, ಕರಿಯನನ್ನು. ಅವನು ಮೂಲೆಯಲ್ಲಿ ನಿಶ್ಚಿಂತೆಯಿಂದ ಕರಿಕೆ ಹುಲ್ಲು ಮೇಯುತ್ತಿದ್ದ.

"ಜಗಳಾಡ್ಯಾವ" ಎಂದೆ.

ಮನೆಯವರು ಕಾಲೇಜಿನ ಕಚೇರಿಗೆ ಹೊರಟು ಸಾಕ್ಸು ಹಾಕಿಕೊಳ್ಳುತ್ತಿದ್ದರು. "ಇಬ್ಬರ ಗಂಡಸ್ರು ಒಂದ ಖೋಲಿಯೊಳಗ ಇದ್ರ ಮತ್ತೇನಾಗತೈತಿ" ಎಂದರು.

"ನೀವು, ನಿಮ್ಮ ತಮ್ಮ ಒಂದ ಖೋಲಿಯೊಳಗ ಬೆಳದೀರಲ್ಲ."

"ಅದಕ್ಕ ಹೇಳಾಕತ್ತೇನಿ" ಎಂದು ಹೊರಟುಹೋದರು.

ಅತ್ತೆಯವರು ತಮ್ಮ ಔಷಧ ಮಾಡಿದರು. ಅರಿಶಿಣಕ್ಕೆ ಕೊಬ್ಬರಿ ಎಣ್ಣೆ ಕಲಸಿ ದಪ್ಪಗೆ ಹಚ್ಚಿದರು. ಬಿಳಿಯನ ಮುಖ ಅರ್ಧ ಹಳದಿಯಾಯಿತು. ಮಾರನೆಯ ದಿನ ಮತ್ತೆ ಹಚ್ಚಿದರು. ಅದರ ಮಾರನೆಯ ದಿನವೂ. ಹಳದಿಯ ಕೆಳಗೆ ಚರ್ಮ ಕೆಂಪಾಗಿದೆಯೋ ಬಿಳುಪಾಗಿದೆಯೋ ತಿಳಿಯುತ್ತಿರಲಿಲ್ಲ. ಜಾಗ ಮಾತ್ರ ದೊಡ್ಡದಾಗುತ್ತಿತ್ತು.

ಸಂಜೆ ಮಗಳು ಕರಿಯನ ವಿಡಿಯೋ ಮಾಡಿ ಮಾಮನಿಗೆ ಕಳಿಸಿದಳು. ಅವನು ಸೊಂಟ ಆಡಿಸುತ್ತ, ಗಂಟಲಲ್ಲಿ ಗುರ್ರ್ ಎನ್ನುತ್ತ ಬಿಳಿಯನ ಸುತ್ತ ತಿರುಗುವುದು, ಬಿಳಿಯ ಮೂಲೆಗೆ ಸರಿಯುವುದು ಅದರಲ್ಲಿತ್ತು. ಅವಳಿಗೆ ಅದು ಕುಣಿತವಾಗಿ ಕಂಡಿತ್ತು. ಮುಧೋಳದಿಂದ ಕೂಡಲೇ ಫೋನು ಬಂತು.

"ತಂಗಿ, ಇದರಾಗ ನೋಡೂದ ಏನೈತಿ. ಆ ಕರೇದು ಮುಖಕ್ಕ ಬಾಯಿ ಹಾಕೇತಿ. ನಾಯಿ ಹಿಂಗ ಗುರ್ ಅಂದು ಸುತ್ತಿದ್ರ ನಾವು ಅವತ್ತ ಬ್ಯಾರೆ ಕಟ್ಟತೇವಿ. ಇವತ್ತ ಮೂಗ, ನಾಳೆ ಕಣ್ಣ."

"ಇವು ನಾಯಿ ಅಲ್ಲಲ್ಲ ಅಣ್ಣಾ."

"ಹಲ್ಲ ಅದಾವಿಲ್ಲ?"

ಹಲ್ಲು ಇದ್ದವು. ಬೀಳಗಿಯಲ್ಲಿ ಅವನ ಗೆಳೆಯನೊಬ್ಬ ಮೊಲ ಸಾಕಿದ್ದಾನಂತೆ, ದೊಡ್ಡ ಶೆಡ್ಡು ಇದೆಯಂತೆ. ರವಿವಾರ ಬಂದು ಕರಿಯನನ್ನು ಒಯ್ದು ಅಲ್ಲಿ ಬಿಡುತ್ತೇನೆ, ಅಲ್ಲಿಯವರೆಗೆ ಬೇರೆ ಇಡು ಎಂದು ತೀರ್ಮಾನ ಹೇಳಿದ. ಮನೆಯವರು "ಗಡಿಪಾರು" ಎಂದು ನಕ್ಕರು. ಮಗಳು ನಗಲಿಲ್ಲ.

"ಕರಿಯ ಕಡದದ್ದ ನೀ ನೋಡಿಯೇನ ಅವ್ವಾ?" ಎಂದಳು.

"ನೋಡಿಲ್ಲ."

"ಆಯಿ ನೋಡ್ಯಾಳೇನ?"

ಅತ್ತೆಯವರು ಟಿವಿ ಕಡೆ ಮುಖ ತಿರುಗಿಸಿದರು. ಯಾರೂ ನೋಡಿರಲಿಲ್ಲ. ಆದರೆ ಬಿಳಿಯನ ಮುಖದ ಮೇಲೆ ಗಾಯವಿತ್ತು, ಪಂಜರದಲ್ಲಿ ಇನ್ನೊಬ್ಬನಿದ್ದ. ಅಷ್ಟರಿಂದಲೇ ಕರಿಯನನ್ನು ದ್ರಾಕ್ಷಿ ತುಂಬುವ ಪ್ಲಾಸ್ಟಿಕ್ ಕ್ರೇಟಿಗೆ ವರ್ಗ ಮಾಡಿ, ಮೇಲೆ ರೊಟ್ಟಿ ಆರಿಸುವ ಜಾಳಿಗೆ ಮುಚ್ಚಿ, ಭಾರಕ್ಕೆ ಮಸಾಲೆ ಕುಟ್ಟುವ ಖಲಬತ್ತು ಹೇರಿ, ಪಡಸಾಲೆಯ ಇನ್ನೊಂದು ಮೂಲೆಗೆ ಇಟ್ಟೆವು.

ಮನೆಯ ಸಪ್ಪಳವೇ ಬದಲಾಯಿತು. ಒಂದು ಮೂಲೆಯಿಂದ ಒಂದು ಕೂಗುತ್ತದೆ, ಇನ್ನೊಂದು ಮೂಲೆಯಿಂದ ಇನ್ನೊಂದು ಓಗೊಡುತ್ತದೆ. ಮಗಳು ನಡುವೆ ಚಾಪೆ ಹಾಸಿಕೊಂಡು ಅಭ್ಯಾಸಕ್ಕೆ ಕೂರತೊಡಗಿದಳು. ಒಂದಿಷ್ಟು ಹೊತ್ತು ಬಿಳಿಯನನ್ನು ಹೆಗಲ ಮೇಲೆ ಹಾಕಿಕೊಳ್ಳುವಳು, ಒಂದಿಷ್ಟು ಹೊತ್ತು ಕರಿಯನ ಕ್ರೇಟಿನೊಳಗೆ ಕೈ ಇಳಿಬಿಡುವಳು. ಕರಿಯ ಸವತಿಕಾಯಿಯನ್ನು ಅರ್ಧ ತಿಂದು ಅರ್ಧ ಬಿಡುತ್ತಿದ್ದ. ಇನ್ನೊಂದು ತುದಿಯನ್ನು ಎಳೆಯುವವರು ಇಲ್ಲದೆ ಅವನಿಗೆ ರುಚಿ ಹತ್ತುತ್ತಿರಲಿಲ್ಲವೇನೋ.

ಹೀಗಿರುವಾಗ ಒಂದು ಬೆಳಿಗ್ಗೆ ಬಿಳಿಯನ ಕಸ ತೆಗೆಯುತ್ತಿದ್ದೆ. ಅವನ ಬಲಗಿವಿಯ ಹಿಂದೆ ಇನ್ನೊಂದು ಬೋಳು ಜಾಗ ಕಂಡಿತು. ಹಿಂದಿನ ದಿನ ಅದು ಇರಲಿಲ್ಲ. ದಿನಾ ಹಿಡಿದು ಎತ್ತುವ ಕೈ ನನ್ನದು, ಇದ್ದಿದ್ದರೆ ಗೊತ್ತಾಗುತ್ತಿತ್ತು. ಕ್ರೇಟಿನ ಕಡೆ ನೋಡಿದೆ. ಜಾಳಿಗೆ ಮುಚ್ಚಿದ ಹಾಗೆಯೇ ಇತ್ತು, ಮೇಲಿಟ್ಟ ಖಲಬತ್ತೂ ಇತ್ತು.

ಅತ್ತೆಯವರನ್ನು ಕರೆದು ತೋರಿಸಿದೆ.

"ಸರ್ಕಸ್ ಮಾಡಿ ಹಾರಿ ಬಂದು ಕಡದು ಹೊಳ್ಳಿ ಹೋಗಿರಬೇಕು" ಎಂದರು.

"ಹೋಗುವಾಗ ಖಲಬತ್ತ ತಾನ ಮ್ಯಾಲ ಇಟ್ಟಕೊಂಡಿತೇನ್ರಿ?"

ಅದಕ್ಕೆ ಅವರು ಚಷ್ಮಾ ತರಲು ಹೋದರು. ಹೊಸ ಜಾಗಕ್ಕೆ ಇನ್ನೂ ಅರಿಶಿಣ ಬಿದ್ದಿರಲಿಲ್ಲವಾದ್ದರಿಂದ ಎಲ್ಲ ನಿಚ್ಚಳವಾಗಿ ಕಾಣುತ್ತಿತ್ತು. ಅತ್ತೆಯವರ ತವರು ಬನಹಟ್ಟಿ, ಮಗ್ಗದ ಮನೆ. ಸೀರೆ ಕೈಗೆ ಬಂದರೆ ಅವರು ಮೊದಲು ಬೆಳಕಿಗೆ ಹಿಡಿಯುತ್ತಾರೆ. ಹಾಗೆಯೇ ಬಿಳಿಯನನ್ನು ಕಿಟಕಿಯ ಬೆಳಕಿಗೆ ಹಿಡಿದರು. ಬೆರಳ ತುದಿಯಿಂದ ಕೂದಲನ್ನು ಆಚೀಚೆ ಸರಿಸಿದರು.

"ಇದು ಹರಕ ಅಲ್ಲವಾ. ಸವಕಲ" ಎಂದರು. "ಅರಿವಿ ಮೊಳಿಗೆ ಸಿಕ್ಕು ಹರದ್ರ ಚರ್ ಅಂತ ಉದ್ದಕ ಹರೀತೈತಿ, ಎಳಿ ಹೊರಗ ಬರ್ತಾವ. ಇದು ನಡುವ ಸವದು ಪಿಸದಂಗ ಆಗೇತಿ. ಎಲ್ಲ್ಯೋ ತಿಕ್ಕ್ಯಾಡತೈತಿ ಇದು. ಉಷ್ಣ ಆಗಿರಬೇಕು."

ಉಷ್ಣಕ್ಕೆ ಎಂದು ಅಂದಿನಿಂದ ಬಿಳಿಯನಿಗೆ ಸವತಿಕಾಯಿ ಹೆಚ್ಚು ಸಿಕ್ಕಿತು. ಗಾಯವೇನೂ ಕಡಿಮೆಯಾಗಲಿಲ್ಲ. ಆದರೂ ಹರಕಲ್ಲ, ಸವಕಲು ಎಂಬ ಮಾತು ನನ್ನ ಕಿವಿಯಲ್ಲಿ ಉಳಿಯಿತು. ಅಣ್ಣನಿಗೆ ಫೋನು ಮಾಡಿದೆ. "ಹಳೆ ಕಡತದ ಗಾಯ ಈಗ ಮ್ಯಾಲ ಬಂದಿರತೈತಿ. ನೀ ತಲಿ ಕೆಡಿಸಿಕೊಬ್ಯಾಡ, ಬುಟ್ಟಿ ತಗೊಂಡ ಬರ್ತೇನಿ" ಎಂದ.

ಶುಕ್ರವಾರ ಬೆಳಿಗ್ಗೆ ಮಗಳಿಗೆ ಜಡೆ ಹಾಕುತ್ತಿದ್ದೆ. ಅವಳು ಎರಡು ದಿನದಿಂದ ತಾನೇ ಹಾಕಿಕೊಳ್ಳುತ್ತೇನೆಂದು ಹಟ ಮಾಡಿದ್ದಳು. ಅಂದು ತಡವಾಗಿತ್ತು, ಹಿಡಿದು ಕೂರಿಸಿದೆ. ಎಡಗಡೆಯ ಕೂದಲನ್ನು ಎತ್ತಿದಾಗ ಕತ್ತಿನ ಮೇಲೆ ಒಂದು ಉಂಗುರ ಕಂಡಿತು. ಅಂಚು ಕೆಂಪಗೆ ಉಬ್ಬಿತ್ತು, ಮೇಲೆ ಹೊಟ್ಟು ಎದ್ದಿತ್ತು, ನಡುವಿನ ಚರ್ಮ ತಿಳಿಯಾಗಿತ್ತು.

"ಇದ್ಯಾವಾಗ ಆತು?"

ಅವಳು ಸಣ್ಣಗೆ, "ಮಾಮಾಗ ಹೇಳಬ್ಯಾಡ ಅವ್ವಾ. ಇದು ಬಿಳಿಯನಿಂದ ಬಂತು ಅಂದ್ರ ಅಂವ ಎರಡೂ ಒಯ್ತಾನ" ಎಂದಳು.

ಜಡೆ ಅರ್ಧಕ್ಕೇ ನಿಂತಿತು. ಬಿಳಿಯನನ್ನು ಅವಳು ಹಾಕಿಕೊಳ್ಳುತ್ತಿದ್ದದ್ದು ಎಡ ಹೆಗಲ ಮೇಲೆ; ಅವನ ಮೂತಿ ಸರಿಯಾಗಿ ಆ ಜಾಗಕ್ಕೆ ತಾಗುತ್ತಿತ್ತು. ಅತ್ತೆಯವರು ಬಂದು ನೋಡಿ, ಬೆಳಕಿಗೂ ಹಿಡಿಯದೆ, "ಗಜಕರ್ಣ" ಎಂದರು. ಅಂದು ಸಾಲೆ ತಪ್ಪಿತು. ಮಗಳನ್ನು ನಮ್ಮ ಎಂದಿನ ಡಾಕ್ಟರರಿಗೆ ತೋರಿಸಿದೆವು. ಅವರೂ ಅದನ್ನೇ ಹೇಳಿ ಮುಲಾಮು ಬರೆದುಕೊಟ್ಟು, "ಮನ್ಯಾಗ ಬೆಕ್ಕು, ನಾಯಿ ಏನರ ಅದಾವೇನು?" ಎಂದು ಕೇಳಿದರು. ಇರುವುದನ್ನು ಹೇಳಿದೆ. "ಅವನ್ನ ದನದ ದವಾಖಾನಿಗೆ ತೋರಸ್ರಿ ಮತ್ತ" ಎಂದರು.

ನಾಯಿ ಕಡಿದರೆ ಕಡಿಸಿಕೊಂಡವರಿಗೆ ಗಾಯವಾಗುತ್ತದೆ. ಹೆಗಲ ಮೇಲೆ ಎತ್ತಿಕೊಂಡ ಹುಡುಗಿಗೆ ಅದು ಅಂಟುವುದಿಲ್ಲ. ಇಷ್ಟು ಸರಳ ಸಂಗತಿ ನನಗೆ ದಾರಿಯಲ್ಲಿ, ಆಟೋದಲ್ಲಿ ಕೂತಾಗ ಹೊಳೆಯಿತು.

ಶನಿವಾರ ಬೆಳಿಗ್ಗೆ ನಾನು ಮತ್ತು ಮಗಳು ಪಶು ಆಸ್ಪತ್ರೆಗೆ ಹೋದೆವು. ಕಾಯಿಪಲ್ಯೆ ತರುವ ಎರಡು ಬುಟ್ಟಿ, ಒಂದೊಂದರಲ್ಲಿ ಒಬ್ಬ, ಮೇಲೆ ಟವೆಲು. ಅಂಗಳದಲ್ಲಿ ಎಮ್ಮೆ, ಆಡು, ಒಂದು ಕುಂಟುವ ಹೋರಿ. ನಾವು ಬೇವಿನ ಗಿಡದ ಕೆಳಗೆ ಪಾಳಿ ಹಿಡಿದು ನಿಂತೆವು. ಎಮ್ಮೆ ಹಿಡಿದವನೊಬ್ಬ ಟವೆಲಿನ ಸಂದಿಯಲ್ಲಿ ಇಣುಕಿ ನೋಡಿದ.

"ಅಕ್ಕಾರ, ಇದು ಎಷ್ಟ ಹಾಲ ಕೊಡತೈತ್ರಿ?"

"ನಿಮ್ಮ ಎಮ್ಮಿಗಿಂತ ಹೆಚ್ಚ ಚೀರತೈತಿ ನೋಡ್ರಿ" ಎಂದೆ. ಅಷ್ಟರಲ್ಲಿ ಯಾರದೋ ಕೈಯಲ್ಲಿ ಪ್ಲಾಸ್ಟಿಕ್ ಚೀಲ ಸರಕ್ ಎಂದಿತು. ಎರಡೂ ಬುಟ್ಟಿಗಳಿಂದ ಒಮ್ಮೆಲೇ ಎದ್ದ ಕೂಗಿಗೆ ಅವನ ಎಮ್ಮೆ ಹಗ್ಗ ಜಗ್ಗಿತು.

ಡಾಕ್ಟರು ಒಬ್ಬ ಹೆಣ್ಣುಮಗಳು. ನನಗಿಂತ ಸಣ್ಣವರು, ಮಾತು ನಮ್ಮ ಕಡೆಯದೇ. ಟವೆಲು ಎತ್ತಿ ನೋಡಿದವರೇ ನಕ್ಕರು. "ಕಾಲೇಜು ಬಿಟ್ಟ ಮ್ಯಾಲ ಇವನ್ನ ಕೈಯಾಗ ಹಿಡದಿಲ್ಲರಿ. ಆದ್ರ ನೋಡೂನ." ಆಮೇಲೆ ಬಿಳಿಯನ ಹಳದಿ ಮುಖ ಕಂಡು, "ಇದಕ್ಯಾರ ಅರಿಶಿಣ ಹಚ್ಚ್ಯಾರ? ಮದಿಮಗನ ಮಾಡೀರೇನು?" ಎಂದು ಕೇಳಿದರು.

"ನಮ್ಮತ್ತಿಯಾರು ಹಚ್ಚ್ಯಾರ್ರಿ. ಕಡದದ್ದು ಅಂತ" ಎಂದು, ಕರಿಯನನ್ನು ಬೇರೆ ಇಟ್ಟದ್ದನ್ನೂ ಮಗಳ ಕತ್ತಿನ ಉಂಗುರವನ್ನೂ ಹೇಳಿದೆ.

"ಹಚ್ಚಿದ ಮ್ಯಾಲ ಡಾಕ್ಟರಿಗೆ ಏನ ಕಾಣಬೇಕ್ರಿ" ಎನ್ನುತ್ತ ಒದ್ದೆ ಹತ್ತಿಯಿಂದ ಮೆಲ್ಲಗೆ ಒರೆಸಿದರು. ಬ್ಯಾಟರಿ ಹಿಡಿದು, ಭೂತಗನ್ನಡಿಯಿಂದ ನೋಡಿ, ಅದನ್ನೇ ಮಗಳ ಕೈಗೆ ಕೊಟ್ಟರು. "ನೀನೂ ನೋಡು. ತೊಗಲು ಎಲ್ಲ್ಯರ ಹರದೈತೇನು?"

ಮಗಳು ಉಸಿರು ಹಿಡಿದು ನೋಡಿದಳು. "ಇಲ್ಲ."

"ರಗತದ ಹಕ್ಕಳಿ?"

"ಇಲ್ಲ. ಹೊಟ್ಟು ಐತಿ. ದಂಡಿಗೆ ಕೂದಲಾ ತುಂಡ ತುಂಡ ಆಗ್ಯಾವ."

"ಅದ ನೋಡು. ಹಲ್ಲ ಬಡದ್ರ ತೊಗಲಿಗೆ ತೂತು ಬೀಳತೈತಿ, ಇಲ್ಲಾ ಸೀಳತೈತಿ. ಸುತ್ತ ಕೂದಲು ಇದ್ದಂಗ ಇರ್ತಾವ. ಮ್ಯಾಲ ರಗತ ಒಣಗಿ ಹಕ್ಕಳಿ ಕಟ್ಟಿ, ದಿನಾ ತುಸು ತುಸು ಮಾಯತೈತಿ. ಕೀವು ತುಂಬಿದ್ರ ಮಾತ್ರ ಗಂಟಾಗಿ ಬಾತುಕೊಳ್ಳತೈತಿ. ಇದು ಹಂಗಲ್ಲ. ಇದು ದುಂಡಗ ಬೆಳಕೋತ ಹೊಂಟೈತಿ, ಕೂದಲು ಬುಡದಾಗ ಮುರೀತಾವ. ಬ್ಯಾರೆ ಇಟ್ಟ ಮ್ಯಾಲೂ ಹೊಸಾದು ಬಂತು ಅಂದ್ರಿ. ಅದರ ಮ್ಯಾಲ ನಿನಗೂ ಬಂದೈತಿ."

ಅಂಚಿನ ನಾಲ್ಕು ಕೂದಲು, ಚಿಟಿಕೆ ಹೊಟ್ಟು ಕೆರೆದು ಗಾಜಿನ ಮೇಲೆ ಹಾಕಿಕೊಂಡು ಒಳಗೆ ಹೋದರು. ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು, ಇದು ಫಂಗಸ್ಸೇ, ತೊಗಲಲ್ಲಿ ಕೊರೆಯುವ ಹುಳವೇನೂ ಕಾಣಲಿಲ್ಲ, ಹುಳವಾಗಿದ್ದರೆ ಇನ್ನೂ ಹುಚ್ಚು ಹಿಡಿದ ಹಾಗೆ ಕೆರೆದುಕೊಳ್ಳುತ್ತಿತ್ತು ಎಂದರು. ಕೆಳಗೆ ಏನು ಹಾಸುತ್ತೀರಿ ಎಂದು ಕೇಳಿದರು. ರವದಿ ಎಂದೆ. ಎಲ್ಲಿ ಇಡುತ್ತೀರಿ ಎಂದರು. ಬಚ್ಚಲ ಗೋಡೆಗೆ ಎಂದೆ. ಅವರು ಪೆನ್ನು ಕೆಳಗಿಟ್ಟರು.

"ಹಸಿ ಗ್ವಾಡಿಗೆ ಇಟ್ಟ ರವದಿ ಬೂಸರ ಬರದ ಇರತೈತೇನ್ರಿ? ಎಲ್ಲಿಂದ ಹತ್ತೇತಿ ಅಂತ ನಾ ಖಾತ್ರಿ ಹೇಳಂಗಿಲ್ಲ. ಆದ್ರ ಥಂಡಿ, ಹಸಿ ಇದ್ದಲ್ಲಿ ಇದು ಬೆಳೀತೈತಿ. ಆ ಎಲಿ ದಂಡಿ ಬ್ಯಾರೆ ಚೂಪ, ಮೂತಿ ತರಚತೈತಿ. ಅದನ್ನ ಒಗೀರಿ ಮೊದಲ."

ಇವುಗಳಿಗೆ ಎಲ್ಲ ಔಷಧವೂ ಒಗ್ಗುವುದಿಲ್ಲ, ನಾಯಿಗೆ ಕೊಡುವುದನ್ನು ಅಂದಾಜಿನಲ್ಲಿ ಕೊಟ್ಟರೆ ಹೊಟ್ಟೆ ಕೆಟ್ಟು ಸಾಯಲೂಬಹುದು ಎಂದು ಹೇಳಿ, ತಮ್ಮ ಜೊತೆ ಓದಿದ ಒಬ್ಬರಿಗೆ ಫೋನು ಮಾಡಿ ಪ್ರಮಾಣ ಕೇಳಿಕೊಂಡು ಬರೆದರು. ಹಾಗೆ ಎದುರಿಗೇ ಫೋನು ಮಾಡಿ ಕೇಳಿದ್ದು ನನಗೆ ಹಿಡಿಸಿತು.

ಹೊರಡುವ ಹೊತ್ತಿಗೆ ಅವರು ಎರಡನೆಯ ಬುಟ್ಟಿಯ ಟವೆಲು ಎತ್ತಿದರು. "ಈ ಕಳ್ಳನ್ನೂ ನೋಡಿಬಿಡೂನ. ಇವಗೂ ಹತ್ತಿರಬಹುದು."

ಕರಿಯನ ಕಪ್ಪು ಕೂದಲಲ್ಲಿ ಕಣ್ಣಿಗೆ ಏನೂ ಕಾಣಲಿಲ್ಲ. ಡಾಕ್ಟರು ಕಣ್ಣಿನ ಬದಲು ಹೆಬ್ಬೆರಳನ್ನು ನಂಬಿದರು. ಮೂತಿಯಿಂದ ಹಿಂದಕ್ಕೆ, ಕೂದಲಿಗೆ ಎದುರಾಗಿ ಸವರುತ್ತ ಹೋದರು. ಕಿವಿಯ ಹಿಂದೆ ಬೆರಳು ನಿಂತಿತು. ಬ್ಯಾಟರಿ ಹಿಡಿದರು. ಕಿವಿಯ ಅಂಚು ಒಂದು ಕಡೆ ಸಣ್ಣಗೆ ಕತ್ತರಿಸಿದ ಹಾಗಿತ್ತು. ಅದರ ಕೆಳಗೆ ಬಾಜುಬಾಜಿಗೆ ಎರಡು ಒಣಗಿದ ಹಕ್ಕಳೆ. ಸೊಂಟದ ಮೇಲೂ ಕೂದಲ ಒಳಗೆ ಮುಚ್ಚಿಹೋದ ಇನ್ನೊಂದು.

"ಕಡತ, ಕಡತ ಅಂತಿದ್ರಲ್ಲ" ಎಂದರು ನಗುತ್ತ. "ಇಲ್ಲಿ ಐತಿ. ಹಳೇದು, ಮಾಯಾಕ ಬಂದೈತಿ. ಇವ ಕಡದಂವ ಅಲ್ಲರಿ, ಕಡಿಸಿಕೊಂಡಂವ."

ಮಗಳು ಭೂತಗನ್ನಡಿ ಹಿಡಿದವಳು ಹಾಗೆಯೇ ನಿಂತಳು. "ಅಂದ್ರ... ಬಿಳಿಯ ಕಡದದ್ದ?"

"ಪಂಜರದಾಗ ಬ್ಯಾರೆ ಯಾರರ ಇದ್ರೇನು?"

"ಆದ್ರ ಕರಿಯ ಗುರ್ ಅಂತ ಸುತ್ತತಾನಲ್ರಿ?"

"ಗಂಡು ಇದ್ದಾವ, ನಾ ದೊಡ್ಡಂವ ಅಂತ ಹೇಳಕೋತ ತಿರಗತಾವ. ಅಷ್ಟಕ್ಕ ಜಗಳ ಅನ್ನಾಕ ಬರಂಗಿಲ್ಲ. ಬಿಳಿಯಗ ಮೈ ಉರೀತಿರತೈತಿ, ಹತ್ರ ಬಂದಂವಗ ಬಾಯಿ ಹಾಕೇತಿ. ಮೈಯಾಗ ಆರಾಮಿಲ್ಲದಾಗ ಯಾರರ ಮುಟ್ಟಿದ್ರ ನಮಗ ಸಿಟ್ಟ ಬರಂಗಿಲ್ಲೇನು?"

ಬಿಳಿಯ ಪಂಜರದಲ್ಲಿ ಸವತಿಕಾಯಿ ತಿನ್ನುತ್ತ, ಕರಿಯ ಕ್ರೇಟಿನಲ್ಲಿ ಶಿಕ್ಷೆ ಅನುಭವಿಸುತ್ತ ಕಳೆದ ದಿನಗಳೆಲ್ಲ ನನ್ನ ಕಣ್ಣ ಮುಂದೆ ಬಂದವು. ನಗು ತಡೆಯಲಾಗಲಿಲ್ಲ. ಮಗಳಿಗೆ ಮಾತ್ರ ನಗುವೂ ಅಳುವೂ ಕೂಡಿ ಬಂದು, ಕರಿಯನನ್ನು ಎತ್ತಿಕೊಳ್ಳಲು ಹೋದಳು. ಡಾಕ್ಟರು ಕೈ ಹಿಡಿದರು. "ಈಗ ಬ್ಯಾಡ. ಇವಗ ಇನ್ನೂ ಹತ್ತಿಲ್ಲ. ಮೊದಲ ಕೈ ತೊಳಿ."

ಹೀಗಾಗಿ ಮನೆಗೆ ಬಂದ ಮೇಲೂ ಅವರಿಬ್ಬರೂ ಬೇರೆ ಬೇರೆಯೇ ಇದ್ದರು. ಕಾರಣ ಮಾತ್ರ ಬದಲಾಗಿತ್ತು. "ಮೊದಲ ಜೇಲು, ಈಗ ದವಾಖಾನಿ" ಎಂದರು ಅತ್ತೆಯವರು. ಅರಿಶಿಣದ ವಿಷಯ ಡಾಕ್ಟರು ಹೇಳಿದ್ದನ್ನು ಮಗಳು ಒಂದಕ್ಕೆ ಎರಡು ಮಾಡಿ ವರದಿ ಮಾಡಿದಳು. ಅವರು ಮುಖ ಬಿಗಿದುಕೊಂಡರು. ಆಮೇಲೆ ಎದ್ದು ತಮ್ಮ ಟ್ರಂಕು ತೆಗೆದು, ಬನಹಟ್ಟಿಯ ಹಳೆಯ ನೂಲಿನ ಸೀರೆಯೊಂದನ್ನು ಹೊರಗೆಳೆದರು. ಉಟ್ಟು ಉಟ್ಟು ಬೆಣ್ಣೆಯ ಹಾಗೆ ಮೆತ್ತಗಾದ ಸೀರೆ. ನಾನು ಒಮ್ಮೆ ಕೌದಿ ಹೊಲಿಯಲು ಕೇಳಿದ್ದಕ್ಕೆ ಕೊಟ್ಟಿರಲಿಲ್ಲ. ಚರಚರ ಹರಿದು ತುಂಡು ಮಾಡಿ, "ಮಂದಿಗೆ ಹಾಸು. ದಿನಾ ಒಂದ ತಗಿ, ಕುದಿನೀರಾಗ ಹಾಕು, ಬಿಸಲಿಗೆ ಒಣಗಸು" ಎಂದರು. ರವದಿಯ ಚೀಲವನ್ನು ಮನೆಯವರು ಮೂಗು ಮುಚ್ಚಿಕೊಂಡು ಹೊರಗೆ ಒಯ್ದರು. ತಳದಲ್ಲಿ ಬೂಸರು ಬೂದಿಯ ಹಾಗೆ ಹಬ್ಬಿತ್ತು.

ಅಣ್ಣನಿಗೆ ಯಾರೂ ಫೋನು ಮಾಡಲಿಲ್ಲ. ಮಾಡಬಾರದೆಂದು ಮಗಳ ಕಟ್ಟಪ್ಪಣೆ.

ರವಿವಾರ ಅವನು ನಾಯಿಮರಿಗಳನ್ನು ಒಯ್ಯುವ ದೊಡ್ಡ ಬೆತ್ತದ ಬುಟ್ಟಿಯೊಂದಿಗೆ ಬಂದ. ಬುಟ್ಟಿಯನ್ನು ಪಡಸಾಲೆಯಲ್ಲಿಟ್ಟು, ನೀರು ಕುಡಿದು, "ಎಲ್ಲಿ ಅಂವ?" ಎಂದ.

"ಯಾಂವ, ಮಾಮಾ?"

"ಕರೇದು. ಕಡಕ."

ಮಗಳು ಕರಿಯನನ್ನು ಟವೆಲಿನಲ್ಲಿ ಸುತ್ತಿ ತಂದು ಅವನ ತೊಡೆಯ ಮೇಲಿಟ್ಟಳು. ತನ್ನ ಕಂಪಾಸು ಪೆಟ್ಟಿಗೆಯ ಪುಟ್ಟ ಭೂತಗನ್ನಡಿ ಕೈಗೆ ಕೊಟ್ಟಳು. "ಕಿವಿ ಹಿಂದ ನೋಡು."

ಅವನು ಗಾಯ ಓದಲು ಬಲ್ಲವನು, ಅದರಲ್ಲಿ ಸುಳ್ಳಿಲ್ಲ. ಕಿವಿಯನ್ನು ಮಡಿಸಿ ನೋಡಿದ, ಕೂದಲನ್ನು ಊದಿ ನೋಡಿದ, ಸೊಂಟದ ಮೇಲಿನದನ್ನು ಹೇಳುವ ಮೊದಲೇ ತಾನಾಗಿ ಹುಡುಕಿ ತೆಗೆದ.

"ಇದು ಖರೆ ಕಡತ" ಎಂದ. "ಹಿಂದಿಂದ ಬಾಯಿ ಹಾಕೇತಿ. ಇಂವ ಹೊಳ್ಳಿ ಓಡ್ಯಾನ. ಓಡುವಾಗ ಸೊಂಟಕ್ಕ ಇನ್ನೊಂದು." ಅಲ್ಲಿಗೆ ನಿಂತ. ಬಿಳಿಯನ ಪಂಜರದ ಕಡೆ ನೋಡಿದ.

ಆಗ ಮಗಳು ಶನಿವಾರದ ಕಥೆಯನ್ನೆಲ್ಲ ಹೇಳಿದಳು, ಕತ್ತಿನ ಉಂಗುರವನ್ನೂ ತೋರಿಸಿದಳು. ಅವನು ಬಿಳಿಯನ ಮುಖವನ್ನು ದೂರದಿಂದಲೇ ಬಹಳ ಹೊತ್ತು ನೋಡಿ ತಲೆ ತುರಿಸಿಕೊಂಡ. "ನಮ್ಮ ಮರಿಗೂ ಇದು ಬರತೈತಿ. ಬಂದಿತ್ತು ಹೋದ ಸಲ. ಮುಖದ ಮ್ಯಾಲ ಇತ್ತಂತ ನಾ ಕಡತ ಅಂದೆ."

ಅತ್ತೆಯವರು ಚಹಾದ ಕಪ್ಪು ತಂದಿಟ್ಟರು. "ಬೀಗರ, ಕಳ್ಳನ್ನ ಒಯ್ಯಾಕ ಬುಟ್ಟಿ ತಂದೀರಿ. ಈಗ ಯಾವನ್ನ ಒಯ್ತೀರಿ?"

"ಹಂಗಾರ ಬಿಳೇದನ್ನ ಒಯ್ಯಲೇನ್ರಿ? ಕಡದಂವ ಅಂವ ಅಲಾ."

ಅವನು ಚೇಷ್ಟೆಗೆ ಅಂದದ್ದು ನಮಗೆಲ್ಲ ತಿಳಿಯಿತು. ಮಗಳಿಗೆ ತಿಳಿಯಲಿಲ್ಲ. ಪಂಜರಕ್ಕೆ ಅಡ್ಡ ನಿಂತಳು.

"ಅವಗ ಆರಾಮಿಲ್ಲ ಮಾಮಾ. ಆರಾಮಿಲ್ಲದ್ದಕ್ಕ ಕಡದಾನ. ನಿನ್ನ ನಾಯಿಗೆ ಆರಾಮಿಲ್ಲಂದ್ರ ನೀ ಬೀಳಗಿಗೆ ಕಳಸ್ತೀಯೇನು?"

ನಾಯಿಯ ಹೆಸರು ಬಂದ ಮೇಲೆ ಅಣ್ಣನಿಗೆ ಬೇರೆ ಮಾತು ಬೇಕಾಗಲಿಲ್ಲ. "ಕಳಸಂಗಿಲ್ಲವಾ" ಎಂದ. ಚಹಾ ಮುಗಿಸಿ, ಬೀಳಗಿಯ ಗೆಳೆಯನಿಗೆ ಫೋನು ಮಾಡಿ, "ಇಲ್ಲೋ, ಅಂವ ಬಾಯಿ ಹಾಕಂವ ಅಲ್ಲ. ಬ್ಯಾಡ ಬಿಡು" ಎಂದ. ಊಟಕ್ಕೆ ಕೂತಾಗ ರವದಿಯ ಮಾತು ಬಂತು. "ನಮ್ಮಲ್ಲಿ ಬಿಸಲಿಗೆ ಇರತೈತಿ ತಂಗಿ. ನೀ ಬಚ್ಚಲಕ್ಕ ಇಟ್ಟಿ" ಎಂದ. ಆ ಗೆಲುವನ್ನು ನಾನು ಅವನಿಗೆ ಬಿಟ್ಟುಕೊಟ್ಟೆ, ಇನ್ನೊಂದು ರೊಟ್ಟಿಯನ್ನೂ ಹಾಕಿದೆ.

ಬುಟ್ಟಿಯನ್ನು ಅವನು ಅಂದು ಮರೆತು ಹೋದ.

ಮುಲಾಮು ತೆಳುವಾಗಿ, ಅರಿಶಿಣ ದೂರದಲ್ಲಿ, ಸೀರೆಯ ತುಂಡು ದಿನಾ ಬಿಸಿಲಲ್ಲಿ: ಹೀಗೆ ನಡೆಯಿತು. ಬಿಳಿಯನನ್ನು ಮುಟ್ಟಿದವರು ಕೈ ತೊಳೆಯದೆ ಅಡುಗೆಮನೆಗೆ ಬರುವಂತಿರಲಿಲ್ಲ. ಅತ್ತೆಯವರು ಬಾಗಿಲಲ್ಲೇ ಕೂತು ಕಾವಲು ಕಾಯುತ್ತಿದ್ದರು. ಮಗಳ ಉಂಗುರ ಮೊದಲು ಮಾಯಿತು. ಬಿಳಿಯನ ಮೂಗಿನ ಮೇಲೆ ತಡವಾಗಿ, ಒರಟಾದ ಹೊಸ ಕೂದಲು ಮುಳ್ಳಿನ ಹಾಗೆ ಎದ್ದಿತು. ಡಾಕ್ಟರು ಮತ್ತೊಮ್ಮೆ ಕೆರೆದು ನೋಡಿ, ಈಗ ಕೂಡಿಸಬಹುದು ಎಂದರು.

ಪಡಸಾಲೆಯ ನಡುವೆ ಸೀರೆಯ ತುಂಡು ಹಾಸಿ ಇಬ್ಬರನ್ನೂ ಬಿಟ್ಟೆವು. ಮಗಳು ಒಂದು ಕೈಯಲ್ಲಿ ಟವೆಲು ಹಿಡಿದು, ಜಗಳವಾದರೆ ನಡುವೆ ಹಾಕಲು ಸಿದ್ಧವಾಗಿ ಮೊಣಕಾಲೂರಿದ್ದಳು. ಕರಿಯ ಗುರ್ರ್ ಎಂದು ಸೊಂಟ ಆಡಿಸಿ ಒಂದು ಸುತ್ತು ಹಾಕಿದ. ಮನೆಯವರು ಪೇಪರು ಕೆಳಗಿಳಿಸಿದರು. ಬಿಳಿಯ ಮೂಸಿ ನೋಡಿದ, ಒಂದು ಹೆಜ್ಜೆ ಸರಿದ, ಅಷ್ಟೇ. ನಾನು ಸವತಿಕಾಯಿಯ ತುಂಡು ನಡುವೆ ಇಟ್ಟೆ. ಕರಿಯ ಒಂದು ತುದಿ ಹಿಡಿದ. ಬಗಲಿನಿಂದ ಬಿಳಿಯ ಮೂತಿ ತೂರಿಸಿ ಇನ್ನೊಂದು ತುದಿ ಎಳೆದ.

ಅಣ್ಣನ ಬುಟ್ಟಿಯನ್ನು ಅಡ್ಡ ಮಲಗಿಸಿ ಪಂಜರದ ಬಾಯಿಗೆ ಇಟ್ಟಿದ್ದೆ. ತಿಂದಾದ ಮೇಲೆ ಇಬ್ಬರೂ ಒಬ್ಬರ ಹಿಂದೊಬ್ಬರು ಅದರೊಳಗೆ ಹೋಗಿ ಒತ್ತಿಕೊಂಡು ಕೂತರು. ಅಂದಿನಿಂದ ಅದೇ ಅವರ ಮನೆ. ಅಣ್ಣ ಜಮಖಂಡಿಗೆ ಬಂದಾಗಲೆಲ್ಲ, ನಾಯಿ ಮರಿ ಹಾಕಿದೆ, ಬುಟ್ಟಿ ಬೇಕು ಎಂದು ಕೇಳುತ್ತಾನೆ. ಮೊನ್ನೆಯೂ ಕೇಳಿದ.

"ಒಳಗ ಮಂದಿ ಮಲಗ್ಯಾರ ಮಾಮಾ" ಎಂದಳು ಮಗಳು, ಪುಸ್ತಕದಿಂದ ತಲೆ ಎತ್ತದೆ. "ಎಬ್ಬಿಸಬ್ಯಾಡ."